ಅವಸರವಿಲ್ಲದ ಹರಿಗೋಲು



ನಮ್ಮ ಸೀಮೆಯಲ್ಲಿ ಹೊಳೆಯ ಮಾತು ಬಂದರೆ ಎರಡು ಲೆಕ್ಕಗಳು ಎದ್ದು ನಿಲ್ಲುತ್ತವೆ. ಒಂದು ನೀರಿನ ಲೆಕ್ಕ. ಕನ್ನಂಬಾಡಿಯಲ್ಲಿ ಎಷ್ಟು ಅಡಿ ಆಯಿತು, ಈ ಸಲ 124.80 ತುಂಬಿತೇ, ಕಬಿನಿಯಿಂದ ಎಷ್ಟು ಬಿಟ್ಟರು, ಬಿಳಿಗುಂಡ್ಲುವಿಗೆ ಎಷ್ಟು ಮುಟ್ಟಿತು. ಇನ್ನೊಂದು ಪುಣ್ಯದ ಲೆಕ್ಕ. ತಿರುಮಕೂಡಲಿನ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಇಲ್ಲಿ ತಲಕಾಡಿನಲ್ಲಿ, ಕಾರ್ತಿಕ ಮಾಸದಲ್ಲಿ ಯೋಗ ಕೂಡಿಬಂದ ವರ್ಷ ಪಂಚಲಿಂಗ ದರ್ಶನ. ಎರಡೂ ನಮ್ಮ ಬದುಕಿಗೆ ಬೇಕಾದ ಲೆಕ್ಕಗಳೇ. ಗದ್ದೆಗೆ ನೀರು ಬೇಕು, ಮನಸ್ಸಿಗೆ ದೇವರು ಬೇಕು. ಆದರೆ ಹೊಳೆಯೊಡನೆ ಯಾವ ಲೆಕ್ಕವನ್ನೂ ಇಟ್ಟುಕೊಳ್ಳದ ಸಂಬಂಧವೂ ಒಂದಿದೆ. ಎಲ್ಲಿಗೋ ಮುಟ್ಟಬೇಕೆಂಬ ಗಡಿಬಿಡಿಯಿಲ್ಲದೆ, ನೀರು ಕರೆದುಕೊಂಡು ಹೋದಷ್ಟು ದೂರ ಹೋಗಿ, ಕಂಡದ್ದನ್ನು ಕಂಡು, ಸುಮ್ಮನೆ ಕುಳಿತಿರುವ ಸುಖ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಜಲವಿಹಾರದ ಬಗ್ಗೆ.

ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹರಿಗೋಲು ತನ್ನ ಮೈಕಟ್ಟಿನಿಂದಲೇ ನಿಧಾನದ ದೋಣಿ. ತಲಕಾಡಿನ ಹೊಳೆಯ ಬಾಗು ನಿಧಾನವಾಗಿ ನೋಡಬೇಕಾದ ಹೊಳೆ. ಈ ಎರಡೂ ಒಂದೇ ಊರಿನಲ್ಲಿ ಕೂಡಿಬಂದಿರುವಾಗ ನಾವು ಮಾರುತ್ತಿರುವುದು ಮಾತ್ರ ಅವಸರವನ್ನು. ಇದನ್ನು ಸರಿಪಡಿಸಬಹುದು, ಸರಿಪಡಿಸಬೇಕು.

ನಿಧಾನವಾಗಿ ದೋಣಿಯಲ್ಲಿ ಸುತ್ತುವುದು ಉಳ್ಳವರ ವಿಲಾಸವಲ್ಲವೇ, ಈಚೆಗೆ ಪ್ರವಾಸೋದ್ಯಮದವರು ತಂದ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಅವರನ್ನು ನಾನು ನಂಜನಗೂಡಿಗೆ ಕರೆದುಕೊಂಡು ಹೋಗುತ್ತೇನೆ. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ. ಶ್ರೀಕಂಠೇಶ್ವರನ ತೇರಿನ ಹಗ್ಗಕ್ಕೆ ಊರಿಗೆ ಊರೇ ಕೈಹಾಕುತ್ತದೆ. ಕೂಗು, ಧೂಳು, ನೂಕುನುಗ್ಗಲು, ಚಕ್ರಕ್ಕೆ ಅಡ್ಡ ಕೊಡುವವರ ಎಚ್ಚರಿಕೆಯ ಕೇಕೆ. ಅದೆಲ್ಲ ಮುಗಿದ ಮೇಲೆ ಕಪಿಲೆಯಲ್ಲಿ ತೆಪ್ಪೋತ್ಸವ. ದೀಪಗಳಿಂದ ಸಿಂಗಾರಗೊಂಡ ತೆಪ್ಪದಲ್ಲಿ ಉತ್ಸವಮೂರ್ತಿಯನ್ನು ಕೂರಿಸಿ ನೀರಿನ ಮೇಲೆ ಮೆಲ್ಲಗೆ ಸುತ್ತು ಹಾಕಿಸುತ್ತಾರೆ. ಗಮನಿಸಿ, ದೇವರು ಆಚೆ ದಡಕ್ಕೆ ದಾಟುವುದಿಲ್ಲ. ಅವನಿಗೆ ಅಲ್ಲಿ ಕೆಲಸವಿಲ್ಲ. ಹೊರಟ ದಡಕ್ಕೇ ಮರಳುತ್ತಾನೆ. ತೇರಿನ ದಣಿವು ಆರಲೆಂದು ನಮ್ಮ ಹಿರಿಯರು ದೇವರಿಗೂ ಒಂದು ಸಂಜೆಯ ಜಲವಿಹಾರವನ್ನು ಇಟ್ಟರು ಎಂದು ನಾನು ತಿಳಿದಿದ್ದೇನೆ. ಮೇಲುಕೋಟೆಯಲ್ಲಿ ಕಲ್ಯಾಣಿಯಲ್ಲಿ, ಚಾಮುಂಡಿಬೆಟ್ಟದಲ್ಲಿ ದೇವಿಕೆರೆಯಲ್ಲಿ ನಡೆಯುವುದೂ ಇದೇ. ದಡದಲ್ಲಿ ನಿಂತು ಅದನ್ನು ನೋಡುವವರಲ್ಲಿ ಕೂಲಿಯವರಿದ್ದಾರೆ, ಬಾಳೆ ಬೆಳೆಯುವವರಿದ್ದಾರೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದವರಿದ್ದಾರೆ. ಅವರಲ್ಲಿ ಒಬ್ಬರೂ ತೆಪ್ಪ ಬೇಗ ಹೋಗಲಿ ಎಂದು ಬಯಸುವುದಿಲ್ಲ.

ಸಾಹಿತ್ಯದ ಕಡೆಗೆ ನೋಡಿದರೂ ಇದೇ ಸಾಕ್ಷಿ. ಮಹಾಕಾವ್ಯಕ್ಕೆ ಬೇಕೆಂದು ಎಣಿಸಿದ ಹದಿನೆಂಟು ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ಯುದ್ಧದ ವರ್ಣನೆ ಎಷ್ಟು ಅಗತ್ಯವೋ ನೀರಾಟದ ವರ್ಣನೆಯೂ ಅಷ್ಟೇ ಅಗತ್ಯವೆಂದು ನಮ್ಮ ಹಳೆಯ ಕವಿಗಳು ಒಪ್ಪಿಕೊಂಡಿದ್ದರು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜ್ಯವನ್ನು ಪಡೆಯುವ, ಉಳಿಸಿಕೊಳ್ಳುವ ಬಗೆಯ ಜೊತೆಗೆ ವಿನೋದಗಳಿಗೂ ಕ್ರೀಡೆಗಳಿಗೂ ಬೇರೆ ಬೇರೆ ಭಾಗಗಳೇ ಇವೆ. ಅದರಲ್ಲಿ ಜಲಕ್ರೀಡೆ ಬರುತ್ತದೆ, ಗಾಳ ಹಾಕಿ ಮೀನು ಹಿಡಿಯುವ ಮತ್ಸ್ಯವಿನೋದ ಬರುತ್ತದೆ. ಮೀನುಗಳ ಬಗೆ, ಅವುಗಳ ಮೇವು, ಗಾಳದ ದಾರ, ಎಲ್ಲವನ್ನೂ ಅಷ್ಟು ವಿವರವಾಗಿ ಬರೆಯಬೇಕಾದರೆ ಯಾರೋ ಹೊಳೆಯ ಅಂಚಿನಲ್ಲಿ ತುಂಬ ಹೊತ್ತು ಸುಮ್ಮನೆ ಕುಳಿತಿರಲೇಬೇಕು.

ಆದರೆ ಅರಮನೆಯ ನೀರಾಟಕ್ಕಿಂತ ನನಗೆ ಮುಖ್ಯವಾದದ್ದು ಬಡವರ ದೋಣಿ. ಹರಿಗೋಲನ್ನು ಒಮ್ಮೆ ಸರಿಯಾಗಿ ನೋಡಿ. ಬಿದಿರನ್ನು ಸೀಳಿದ ದಬ್ಬೆಗಳನ್ನು ಅಡ್ಡಡ್ಡ ಹಾಸಿ, ತಳದಿಂದ ಮೇಲಕ್ಕೆ ಬಾಗಿಸಿ ಹೆಣೆಯುತ್ತಾರೆ. ಅಂಚಿಗೆ ದಪ್ಪನೆಯ ಬಿದಿರಿನ ಬಳೆ. ಮರದ ದೋಣಿಯಂತೆ ಇದಕ್ಕೆ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಬೇಕಾಗಿಲ್ಲ. ಕಟ್ಟಿನ ಬಿಗಿಯಲ್ಲೇ ಎಲ್ಲವೂ ನಿಂತಿರುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಾಗಿ ಹಿಂದಕ್ಕೆ ಬರುತ್ತದೆ. ಹಿಂದೆ ಹೊರಮೈಗೆ ದನದ ತೊಗಲು ಹೊದಿಸುತ್ತಿದ್ದರು. ಆಮೇಲೆ ಟಾರ್ಪಾಲು, ಪ್ಲಾಸ್ಟಿಕ್ ಹಾಳೆ ಬಂದವು. ಮೇಲೆ ಡಾಂಬರು ಬಳಿದರೆ ನೀರು ಒಳಗೆ ಬರುವುದಿಲ್ಲ. ಈಗ ಕೆಲವು ಕಡೆ ಫೈಬರ್ ಹರಿಗೋಲುಗಳೂ ಇವೆ. ಭಾರ ಹಾಕದಿದ್ದರೆ ಗೇಣುದ್ದದ ನೀರಿನಲ್ಲೂ ತೇಲುತ್ತದೆ. ಕೆಲಸ ಮುಗಿದ ಮೇಲೆ ದಡಕ್ಕೆ ಎಳೆದು ಕವುಚಿ ಹಾಕಿದರೆ ಆಯಿತು.

ಹಂಪೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ತುಂಗಭದ್ರೆಯಲ್ಲಿ ಈ ದೋಣಿಯನ್ನು ಕಂಡು ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿದೆ, ಒಳಗೆ ಬೆತ್ತ ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು ಎನ್ನುತ್ತಾನೆ. ಅವನ ಕಣ್ಣಿಗೆ ಎದ್ದುಕಂಡದ್ದು ಇನ್ನೊಂದು ಸಂಗತಿ: ಬೇರೆ ದೋಣಿಗಳಂತೆ ಇದು ನೆಟ್ಟಗೆ ಹೋಗುವುದಿಲ್ಲ, ಯಾವಾಗಲೂ ಸುತ್ತುತ್ತಲೇ ಇರುತ್ತದೆ. ಸಮುದ್ರ ದಾಟಿ ಬಂದವನಿಗೆ ಅದು ವಿಚಿತ್ರವಾಗಿ ಕಂಡದ್ದು ಸಹಜ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟಾಗ, ಅದುವರೆಗೆ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದ್ದ ಆರ್ಥರ್ ವೆಲ್ಲೆಸ್ಲಿ ಕೂಡ ತುಂಬಿದ ಹೊಳೆಗಳನ್ನು ದಾಟಲು ತೊಗಲು ಹೊದಿಸಿದ ಇಂಥ ದೋಣಿಗಳನ್ನೇ ಮಾಡಿಸಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಅವನೇ.

ಇದಕ್ಕಿಂತ ಬಹಳ ಹಿಂದೆ, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಗ್ರೀಕರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಬರೆದದ್ದು ನನಗೆ ಬಲು ಇಷ್ಟ. ಮೇಲಿನ ಅರ್ಮೇನಿಯದಿಂದ ಮದ್ಯದ ಪೀಪಾಯಿಗಳನ್ನು ಹೇರಿಕೊಂಡು ಹೊಳೆಯ ಜೊತೆ ಇಳಿದು ಬರುತ್ತಿದ್ದರಂತೆ. ಪ್ರತಿ ದೋಣಿಯಲ್ಲೂ ಒಂದಾದರೂ ಕತ್ತೆ. ಬ್ಯಾಬಿಲೋನಿಗೆ ಬಂದ ಮೇಲೆ ಸರಕನ್ನೂ ದೋಣಿಯ ಚೌಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ನಡೆದುಕೊಂಡು ಊರಿಗೆ ಮರಳುತ್ತಿದ್ದರು. ಹೊಳೆಯ ಎದುರಿಗೆ ಹೋಗಲು ಆ ದೋಣಿಗೆ ಆಗುತ್ತಿರಲಿಲ್ಲ. ಯೂಫ್ರೆಟಿಸ್ ದಂಡೆಯವರಿಗೂ ಕಾವೇರಿ ದಂಡೆಯವರಿಗೂ ಒಬ್ಬರ ಮುಖ ಒಬ್ಬರಿಗೆ ತಿಳಿದಿರಲಿಕ್ಕಿಲ್ಲ. ಹೊಳೆಯೇ ಇಬ್ಬರಿಗೂ ಪಾಠ ಹೇಳಿದೆ. ಹೊಳೆಯನ್ನು ಸೋಲಿಸಲು ಹೋಗದೆ ಅದರ ಜೊತೆ ಹೋಗು ಎನ್ನುವವರು ಕಟ್ಟಿದ ದೋಣಿ ಇದು.

ನೆಟ್ಟಗೆ ಹೋಗದಿರುವುದು ಹರಿಗೋಲಿನ ದೋಷವೆಂದು ನಾವು ತಿಳಿಯಬಾರದು. ಇದಕ್ಕೆ ಮುಂಭಾಗ, ಹಿಂಭಾಗ ಎಂದಿಲ್ಲ. ತಳದಲ್ಲಿ ನೀರನ್ನು ಸೀಳುವ ಏಣು ಇಲ್ಲ. ಅಂಬಿಗ ಒಂದೇ ಹುಟ್ಟಿನಿಂದ, ತಾನು ಕುಳಿತ ಅಂಚಿನ ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಸ್ವಲ್ಪ ಬಲಕ್ಕೆ. ಆ ಎಡಬಲದ ಹದ ತಪ್ಪಿದರೆ ದೋಣಿ ಸುತ್ತುತ್ತದೆ. ಹುಟ್ಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಹೊಳೆಯ ವೇಗವೇ ದೋಣಿಯ ವೇಗ. ಆಗ ಒಂದು ಸೊಗಸು ನಡೆಯುತ್ತದೆ. ದೋಣಿಯೂ ನೀರೂ ಒಟ್ಟಿಗೆ ಹೋಗುವುದರಿಂದ ಅಂಚಿಗೆ ಬಡಿಯುವ ಅಲೆಯೇ ಇರುವುದಿಲ್ಲ, ಸದ್ದಿರುವುದಿಲ್ಲ. ಪಕ್ಕದಲ್ಲಿ ತೇಲುವ ಒಂದು ಹೊಂಗೆಯ ಎಲೆ ತುಂಬ ಹೊತ್ತು ಜೊತೆಯಲ್ಲೇ ಬರುತ್ತದೆ. ನೀವು ಅಲುಗಾಡದೆ ಕುಳಿತಿದ್ದೀರಿ, ದಡಗಳು ಹಿಂದಕ್ಕೆ ಹೋಗುತ್ತಿವೆ. ದೋಣಿ ಮೆಲ್ಲಗೆ ತಿರುಗುವುದರಿಂದ ಕತ್ತು ಹೊರಳಿಸುವ ಅಗತ್ಯವಿಲ್ಲ. ಎಡದಂಡೆ, ಮುಂದಿನ ನೀರು, ಬಲದಂಡೆ, ಬಂದ ದಾರಿ, ಎಲ್ಲವೂ ಒಂದೊಂದಾಗಿ ಎದುರಿಗೆ ಬರುತ್ತವೆ. ಸದ್ದಿಲ್ಲದ ಕಾರಣ ಹಕ್ಕಿಗಳು ಹೆದರುವುದಿಲ್ಲ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮೀನಿನ ಮೇಲೆ ಬೀಳುವುದನ್ನು ಅಷ್ಟು ಹತ್ತಿರದಿಂದ ದಡದಲ್ಲಿ ನಿಂತವರು ನೋಡಲಾರರು. ಬಂಡೆಯ ಮೇಲೆ ರೆಕ್ಕೆ ಹರಡಿ ಮೈ ಒಣಗಿಸಿಕೊಳ್ಳುವ ನೀರುಕಾಗೆ ನಿಮ್ಮನ್ನು ಒಮ್ಮೆ ನೋಡಿ ಮತ್ತೆ ತನ್ನ ಕೆಲಸಕ್ಕೆ ಹೋಗುತ್ತದೆ. ಅದೃಷ್ಟವಿದ್ದರೆ ನೀರುನಾಯಿಗಳ ಸಂಸಾರವನ್ನೂ ಕಾಣಬಹುದು.

ಒಂದು ಮಾಗಿಯ ಬೆಳಗ್ಗೆ ಇಲ್ಲಿಯ ಅಂಬಿಗರೊಬ್ಬರ ಜೊತೆ ಹೀಗೆ ಹೊರಟಿದ್ದೆ. ಎದುರು ದಡದ ಒಂದು ಬಂಡೆಯನ್ನು ತೋರಿಸಿ ಅಲ್ಲಿಗೆ ಹೋಗೋಣ ಎಂದೆ. ಅವರು ಅತ್ತ ತಿರುಗದೆ ಈ ದಡದ ಅಂಚಿನಲ್ಲೇ ಹೊಳೆಯ ಮೇಲಕ್ಕೆ ಹುಟ್ಟು ಹಾಕತೊಡಗಿದರು. ಯಾಕಣ್ಣ ಎಂದಾಗ ಹೇಳಿದರು: “ಇಲ್ಲಿ ಸೆಳವು ಜಾಸ್ತಿ ಮೇಷ್ಟ್ರೇ. ಒಸಿ ಮೇಲುಕ್ಕೋಗಿ ಬುಟ್ರೆ ನೀರೇ ತಂದು ಆ ಬಂಡೆ ತಾವ ಬುಡ್ತದೆ. ನಾವ್ಯಾಕೆ ತೋಳು ನೋಯಿಸ್ಕಬೇಕು?” ಹಾಗೆಯೇ ಆಯಿತು. ನಡುಹೊಳೆಗೆ ಬಂದಾಗ ಸೆಳವು ನಮ್ಮನ್ನು ಓರೆಯಾಗಿ ಎತ್ತಿಕೊಂಡು ಹೋಯಿತು, ಅವರು ಆಗೊಮ್ಮೆ ಈಗೊಮ್ಮೆ ಹುಟ್ಟನ್ನು ಮುಟ್ಟಿಸಿದರು, ಹರಿಗೋಲು ಬಂಡೆಯ ಮಗ್ಗುಲಿಗೆ ಬಂದು ನಿಂತಿತು. ಎಲ್ಲಿ ನೀರಿನ ಮೈ ನುಣ್ಣಗಿದ್ದರೆ ಆಳ, ಎಲ್ಲಿ ಸುಕ್ಕುಗಟ್ಟಿದರೆ ಕೆಳಗೆ ಕಲ್ಲು, ಎಲ್ಲಿ ಮರಳುದಿಣ್ಣೆ ಹೋದ ಮಳೆಗಾಲದಿಂದ ಈಚೆಗೆ ಜರುಗಿದೆ, ಅವರಿಗೆ ಎಲ್ಲವೂ ಕಣ್ಣಳತೆಯಲ್ಲೇ ಗೊತ್ತು. ಇಂಥ ಕುಲಕಸುಬಿನವರೇ ಆಗಿದ್ದ ಅಂಬಿಗರ ಚೌಡಯ್ಯ 12ನೆಯ ಶತಮಾನದಲ್ಲಿ ವಚನ ಬರೆದು ಶರಣರ ಸಾಲಿನಲ್ಲಿ ನಿಂತದ್ದು ನಮಗೆ ಗೊತ್ತು. ಹೊಳೆಯನ್ನು ಓದಿದವರ ಮಾತಿಗೆ ಅಂಥ ತೂಕ ಬರುವುದು ಆಶ್ಚರ್ಯವಲ್ಲ.

ಇನ್ನು ಈ ಊರಿನ ಹೊಳೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಈ ಊರನ್ನು ಕಾವೇರಿ ದೊಡ್ಡದೊಂದು ಬಾಗಿನಲ್ಲಿ ಬಳಸಿಕೊಂಡು ಹೋಗುತ್ತಾಳೆ. ಗಂಗರ ರಾಜಧಾನಿಯಾಗಿದ್ದ ಊರು, ಚೋಳರು ಹಿಡಿದ ಊರು. ಅವರಿಂದ ಗೆದ್ದ ವಿಷ್ಣುವರ್ಧನ ತಲಕಾಡುಗೊಂಡನೆಂಬ ಬಿರುದು ಹೊತ್ತು, 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು. ಅದೇ ಗುಡಿಯನ್ನು 20ನೆಯ ಶತಮಾನದಲ್ಲಿ ಮರಳು ತೆಗೆದು ಹೊರಗೆ ತರಬೇಕಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಅಲ್ಲಿಯ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ತಲಕಾಡು ಮರಳಾಗಲೆಂದು ಶಾಪವಿತ್ತು ಮಾಲಂಗಿಯ ಮಡುವಿಗೆ ಧುಮುಕಿದ ಕಥೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಅಜ್ಜಿಯರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಮರಳಿಗೆ ಕಾರಣ ಹುಡುಕಿದವರು ವಿಜಯನಗರದ ಕಾಲದ ಮಾಧವಮಂತ್ರಿಯ ಕಟ್ಟೆಯ ಕಡೆಗೆ ಬೆರಳು ತೋರಿಸುತ್ತಾರೆ. ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಇದನ್ನು ಕುರಿತು ಸಂಶೋಧನಾ ಲೇಖನವನ್ನೇ ಬರೆದಿದ್ದಾರೆ. ಕಟ್ಟೆ ಬಂದ ಮೇಲೆ ಹೊಳೆಯ ಪಾತ್ರದಲ್ಲಿ ಮರಳು ಬಯಲಿಗೆ ಬಿದ್ದು ಹರಡಿತು, ಮುಂಗಾರಿನ ನೈಋತ್ಯ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯಿತು. 19ನೆಯ ಶತಮಾನದಲ್ಲಿ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದಂತೆ ಮರಳಗುಡ್ಡಗಳು ವರ್ಷಕ್ಕೆ 9ರಿಂದ 10 ಅಡಿ ಊರಿನೊಳಕ್ಕೆ ಸರಿಯುತ್ತಿದ್ದವು.

ವರ್ಷಕ್ಕೆ ಹತ್ತಡಿ! ಒಂದು ರಾಜಧಾನಿ ಮುಚ್ಚಿಹೋದ ವೇಗ ಅದು. ಈ ಊರಿನ ದೊಡ್ಡ ಸಂಗತಿಗಳೆಲ್ಲ ನಡೆದದ್ದು ಹಾಗೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ. ಕಟ್ಟೆ ಹೊಳೆಯನ್ನು ಬದಲಿಸಿತು, ಹೊಳೆ ಮರಳನ್ನು ಬದಲಿಸಿತು, ಮರಳು ಊರನ್ನು ಬದಲಿಸಿತು. ಕಾರಿನಲ್ಲಿ ಬಂದು, ಐದು ಗುಡಿಗಳನ್ನು ಸುತ್ತಿ, ಮಧ್ಯಾಹ್ನಕ್ಕೆ ಸೋಮನಾಥಪುರ, ಸಂಜೆಗೆ ಶಿವನಸಮುದ್ರ ಎಂದು ಓಡುವವರಿಗೆ ಇದು ತಿಳಿಯುವುದಿಲ್ಲ. ಹರಿಗೋಲಿನಲ್ಲಿ ಬಾಗನ್ನು ಬಳಸುತ್ತ ಹೋಗುವವರಿಗೆ ತಿಳಿಯುತ್ತದೆ. ಬಾಗಿನ ಹೊರಗಿನ ದಂಡೆಯನ್ನು ನೀರು ಕೊರೆಯುವುದೂ ಒಳಗಿನ ದಂಡೆಯಲ್ಲಿ ಮರಳನ್ನು ಇಳಿಸುವುದೂ ಒಂದೇ ನೋಟದಲ್ಲಿ ಸಿಗುತ್ತವೆ. ಶಾಲೆಯ ಭೂಗೋಳದ ಪುಸ್ತಕದಲ್ಲಿ ಒಂದು ಪುಟದಲ್ಲಿ ಓದಿ ಮರೆತದ್ದು ಅಲ್ಲಿ ಕಣ್ಣೆದುರಿಗೆ ನಡೆಯುತ್ತಿರುತ್ತದೆ. ನಾನು ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದರೆ ನದಿಯ ಪಾಠವನ್ನು ಹಲಗೆಯ ಮೇಲೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಬೇಸಿಗೆಯ ಭಾನುವಾರ ಇಲ್ಲಿಯ ಹೊಳೆದಂಡೆಗೆ ಬಂದರೆ ಈಗ ಕಾಣುವುದು ಬೇರೆ. ಹರಿಗೋಲಿಗೆ ಜನ ಹತ್ತುತ್ತಾರೆ, ಸ್ವಲ್ಪ ದೂರ ಹೋದ ಮೇಲೆ ಅಂಬಿಗ ಹುಟ್ಟನ್ನು ಬಲವಾಗಿ ಬೀಸಿ ದೋಣಿಯನ್ನು ಗಿರ್ರನೆ ಸುತ್ತಿಸುತ್ತಾನೆ, ಎಲ್ಲರೂ ಕಿರುಚುತ್ತಾರೆ, ಮೊಬೈಲಿನಲ್ಲಿ ಚಿತ್ರವಾಗುತ್ತದೆ, ದಡಕ್ಕೆ ಮರಳುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯಿತು. ಮಕ್ಕಳಿಗೆ ಅದು ಸಂತೋಷ ಕೊಡುತ್ತದೆ, ಆ ಸಂತೋಷವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅಷ್ಟಕ್ಕೇ ಮುಗಿಯುವುದು ನನಗೆ ನೋವಿನ ವಿಷಯ. ತಲೆತಿರುಗಿ ಇಳಿದವರ ನೆನಪಿನಲ್ಲಿ ಹೊಳೆ ಉಳಿಯುವುದಿಲ್ಲ. ಅಂಬಿಗನ ತೋಳು, ಸೊಂಟ ನೋಯುತ್ತವೆ. ಅವನು ಕಲಿತ ವಿದ್ಯೆಯಲ್ಲಿ ನೂರರಲ್ಲಿ ಒಂದು ಪಾಲೂ ಆ ಸುತ್ತಾಟಕ್ಕೆ ಬೇಕಾಗಿಲ್ಲ.

ಯಾಕೆ ಹೀಗಾಯಿತು ಎಂದು ನಾನು ಅದೇ ಅಂಬಿಗರನ್ನು ಕೇಳಿದೆ. ಅವರ ಉತ್ತರದಲ್ಲಿ ನನ್ನ ಇಡೀ ಉಪನ್ಯಾಸಕ್ಕೆ ಬೇಕಾದ ಅರ್ಥಶಾಸ್ತ್ರವಿತ್ತು. “ಒಂದ್ ಸುತ್ತು ಬೇಗ ಮುಗುದ್ರೆ ಇನ್ನೊಂದ್ ಸುತ್ತು ಸಿಕ್ತದೆ. ನಿಮ್ಮಂಗೆ ಸುಮ್ಕೆ ಕೂತ್ಕಳೋರ್ನ ಕೂರಿಸ್ಕಂಡ್ರೆ ಮನೇಲಿ ಒಲೆ ಉರೀಬೇಕಲ್ಲ ಮೇಷ್ಟ್ರೇ?” ದರ ಇರುವುದು ಸುತ್ತಿಗೆ ಇಷ್ಟು, ತಲೆಗೆ ಇಷ್ಟು ಎಂದು. ಸೀಸನ್ ಇರುವುದು ಕೆಲವೇ ತಿಂಗಳು. ಮುಂಗಾರಿನಲ್ಲಿ ಹೊಳೆ ತುಂಬಿದಾಗ ದೋಣಿ ದಡದ ಮೇಲೆ. ಸೇತುವೆಗಳು ಬಂದ ಮೇಲೆ ದಾಟಿಸುವ ಕೆಲಸವೂ ಹೋಯಿತು. ಹೀಗಿರುವಾಗ ಅವಸರ ಅವರ ಸ್ವಭಾವವಲ್ಲ; ನಾವು ಕೊಡುವ ಹಣದ ಲೆಕ್ಕದಲ್ಲೇ ಅವಸರವಿದೆ. ನಿಧಾನ ಬೇಕೆನ್ನುವವರು ಮೊದಲು ಅಂಬಿಗನ ಹೊತ್ತಿಗೆ ಬೆಲೆ ಕಟ್ಟಲು ಕಲಿಯಬೇಕು. ಒಬ್ಬನ ವಿರಾಮವನ್ನು ಇನ್ನೊಬ್ಬನ ಹಸಿವಿನ ಮೇಲೆ ನಿಲ್ಲಿಸಲಾಗದು.

ಇದು ಆಗುವ ಮಾತೇ ಎನ್ನುವವರಿಗೆ ಹತ್ತಿರದಲ್ಲೇ ಉದಾಹರಣೆ ಇದೆ. ಶ್ರೀರಂಗಪಟ್ಟಣದ ರಂಗನತಿಟ್ಟು. 17ನೆಯ ಶತಮಾನದ ಅಡ್ಡಕಟ್ಟೆಯೊಂದರಿಂದ ಆದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವೆಂದು ಘೋಷಿಸಿತು, 2022ರಲ್ಲಿ ಅದು ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಅರಣ್ಯ ಇಲಾಖೆಯವರು ಜನರನ್ನು ಮೆಲ್ಲಗೆ ಕರೆದೊಯ್ದು, ಬಾಯ್ಕಳಕ, ಚಮಚದ ಕೊಕ್ಕು, ಬಣ್ಣದ ಕೊಕ್ಕರೆಗಳನ್ನು ಹೆಸರು ಹೇಳಿ ತೋರಿಸುತ್ತಾರೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಪಕ್ಕದಲ್ಲೇ ದೋಣಿ ಸಾಗುತ್ತದೆ. ಅಲ್ಲಿ ಯಾರೂ ದೋಣಿ ಸುತ್ತಿಸಿ ಎಂದು ಕೇಳುವುದಿಲ್ಲ. ನೋಡುವುದನ್ನು ತೋರಿಸುವವರಿದ್ದರೆ ಜನ ಸುಮ್ಮನೆ ಕುಳಿತು ನೋಡುತ್ತಾರೆ.

ಇನ್ನೊಂದು ಉದಾಹರಣೆ ಕೇರಳದ್ದು, ಅದರಲ್ಲಿ ಎಚ್ಚರಿಕೆಯೂ ಇದೆ. ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ ದೋಣಿಗಳು ಲಾರಿಗಳು ಬಂದ ಮೇಲೆ ಮೂಲೆಗೆ ಬಿದ್ದವು. ಆಲಪ್ಪುಳದ ಕಡೆ ಅವನ್ನೇ ಮನೆದೋಣಿಗಳಾಗಿ ಮಾಡಿ ಬದುಕಿಸಿದರು. ಕಸುಬು ಉಳಿಯಿತು, ಕಟ್ಟುವವರು ಉಳಿದರು. ಆದರೆ ಇಂಜಿನ್ನು ಬಂತು, ಸಂಖ್ಯೆ ಬೆಳೆಯಿತು, ಹಿನ್ನೀರಿನಲ್ಲಿ ಎಣ್ಣೆ ಮತ್ತು ಕೊಳೆಯ ದೂರು ಶುರುವಾಯಿತು. ಹರಿಗೋಲಿಗೆ ಇಂಜಿನ್ ಕಟ್ಟುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ.

ಗಾಳದ ಹವ್ಯಾಸದವರೂ ನಮ್ಮ ಹೊಳೆಗಳಲ್ಲಿ ಇಂಥ ನಿಧಾನವನ್ನು ಉಂಡವರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ 54 ಕಿಲೋ ತೂಕದ ಬಿಳಿಮೀನನ್ನು ಹಿಡಿದರು. ಹೊರದೇಶದವರು ಮಹಶೀರ್ ಎಂದು ಹುಡುಕಿಕೊಂಡು ಬರುತ್ತಿದ್ದ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಮೀನಿಗೆ ಬೇಕಾದದ್ದೇ ಹರಿಗೋಲಿಗೂ ಬೇಕು: ಹರಿಯುವ ನೀರು, ಕೆದಕದ ಮರಳು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಕೊಡಬೇಕಾದ 177.25 ಟಿಎಂಸಿಯಲ್ಲಿ ಕನ್ನಂಬಾಡಿ ಮತ್ತು ಕಬಿನಿಯಿಂದ ಬಿಟ್ಟ ನೀರೆಲ್ಲ ಈ ಬಾಗನ್ನು ಬಳಸಿಕೊಂಡೇ ಹೋಗುತ್ತದೆ. ಇಷ್ಟು ನೀರು ಹಾದುಹೋಗುವ ಊರಿನಲ್ಲಿ ಒಂದು ಹರಿಗೋಲಿಗೆ ಜಾಗ ಉಳಿಯಬೇಕು.

ಇಲ್ಲಿ ಒಂದು ಕಹಿ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಹೊಳೆ ಜೀವ ತೆಗೆದಿದೆ. ಮೇಲೆ ಮೊಣಕಾಲುದ್ದ ಕಂಡ ನೀರು ಒಂದು ಹೆಜ್ಜೆಗೆ ಆಳುದ್ದವಾಗುತ್ತದೆ. ಸಹಜವಾದ ಮಡುಗಳು, ಸುಳಿಗಳು ಹೇಗೂ ಇವೆ. ಮರಳು ತೆಗೆದ ಹಳ್ಳಗಳು ಅವಕ್ಕೆ ಸೇರಿಕೊಂಡಿವೆ, ಅವು ಎಲ್ಲಿವೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮ ತಾಲ್ಲೂಕಿನಲ್ಲಿವೆ. ಅದಕ್ಕೇ ನಾನು ಹೇಳುವ ಜಲವಿಹಾರದಲ್ಲಿ ಜಾಕೆಟ್ ತೊಡದವರಿಗೆ ಜಾಗವಿಲ್ಲ, ಎಷ್ಟೇ ದೊಡ್ಡ ಮನುಷ್ಯರಿರಲಿ. ಕುಡಿದವರಿಗೆ ಜಾಗವಿಲ್ಲ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದ ದಿನ ದೋಣಿ ಇಳಿಯುವುದಿಲ್ಲ. ಅಂಬಿಗ ಬೇಡವೆಂದರೆ ಬೇಡ. ಹೊಳೆಯಲ್ಲಿ ಅವನ ಮಾತೇ ಕೊನೆಯ ಮಾತು.

ಹಾಗಾದರೆ ಏನು ಮಾಡಬಹುದು? ಅಂಬಿಗ ಅಣ್ಣಂದಿರೊಡನೆ ಕುಳಿತು ಮಾತಾಡಿದ್ದನ್ನೇ ನಿಮ್ಮ ಮುಂದೆ ಇಡುತ್ತೇನೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ನವೆಂಬರಿನಿಂದ ಬೇಸಿಗೆ ಬಲಿಯುವವರೆಗೆ, ಬೆಳಗ್ಗೆ ಬೆಳಕು ಹರಿದ ಮೇಲಿನ ಎರಡು ಗಂಟೆ ಮತ್ತು ಇಳಿಹೊತ್ತಿನ ಎರಡು ಗಂಟೆ, ನಿಧಾನದ ಪಯಣಕ್ಕೆ ಮೀಸಲಾಗಲಿ. ಮಾಧವಮಂತ್ರಿ ಕಟ್ಟೆಯಿಂದ ಕೆಳಗೆ, ಕಟ್ಟೆಗೆ ಸಾಕಷ್ಟು ದೂರವಿಟ್ಟು, ಊರಿನ ಬಾಗನ್ನು ಬಳಸಿಕೊಂಡು ತೇಲಲಿ. ದರ ಸುತ್ತಿಗಲ್ಲ, ಗಂಟೆಗೆ, ತಲೆಗಲ್ಲ, ಹರಿಗೋಲಿಗೆ. ಒಬ್ಬರೇ ಬಂದರೂ ಅಂಬಿಗನಿಗೆ ಅಷ್ಟೇ ಸಿಗಬೇಕು. ಕೆಳಗೆ ಇಳಿದ ಹರಿಗೋಲನ್ನು ಮೇಲಕ್ಕೆ ತರಲು ಊರಿನ ಟ್ರ್ಯಾಕ್ಟರ್ ಸಾಕು. ಬ್ಯಾಬಿಲೋನಿನವರ ಕತ್ತೆಯ ಕೆಲಸವನ್ನು ಅದು ಮಾಡುತ್ತದೆ. ನಡುಹೊಳೆಯ ಮರಳುದಿಣ್ಣೆಯಲ್ಲಿ ಇಳಿದು ಬುತ್ತಿ ಬಿಚ್ಚಬಹುದು, ಪ್ಲಾಸ್ಟಿಕ್ ಮಾತ್ರ ಅಲ್ಲಿ ಬಿಟ್ಟು ಬರಬಾರದು. ಸುತ್ತಾಟವೇ ಬೇಕೆನ್ನುವವರಿಗೆ ನಡುಹಗಲು ಇದ್ದೇ ಇದೆ.

ಎರಡನೆಯದಾಗಿ, ಹುಟ್ಟು ಹಾಕುವುದನ್ನು ಕಲಿಸೋಣ. ಸುತ್ತಲಿನ ಹೈಸ್ಕೂಲು ಮಕ್ಕಳಿಗೆ, ಗಂಡುಹೆಣ್ಣೆಂಬ ಭೇದವಿಲ್ಲದೆ, ಮೊದಲು ಈಜು, ಆಮೇಲೆ ಹರಿಗೋಲು. ಕಲಿಸುವ ಗುರುಗಳಾದ ಅಂಬಿಗ ಅಣ್ಣಂದಿರು ಈ ಸಭೆಯ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರಿಗೆ ಗೌರವಧನ ಸಲ್ಲಬೇಕು. ಬಿದಿರು ಸೀಳಿ ಹರಿಗೋಲು ಕಟ್ಟಬಲ್ಲ ಹಿರಿಯರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ, ಫೈಬರ್ ದೋಣಿ ಕೊಂಡರೆ ಆ ಕೈಗಳಿಗೆ ಕೆಲಸವಿಲ್ಲ. ವರ್ಷಕ್ಕೆ ಒಂದಾದರೂ ಬಿದಿರಿನ ಹರಿಗೋಲನ್ನು ಮಕ್ಕಳ ಎದುರಿಗೆ, ಶಾಲೆಯ ಅಂಗಳದಲ್ಲೇ ಕಟ್ಟಿಸಲು ಈ ಉಪನ್ಯಾಸದ ದತ್ತಿಯ ಬಡ್ಡಿಹಣದಲ್ಲಿ ಒಂದು ಪಾಲನ್ನು ಕೊಡುವುದಾಗಿ ದಾನಿಗಳ ಕುಟುಂಬದವರು ಉಪನ್ಯಾಸಕ್ಕೆ ಮೊದಲು ನನಗೆ ಹೇಳಿದರು. ಅವರಿಗೆ ಕೈಮುಗಿಯುತ್ತೇನೆ. ಮೊದಲ ದೋಣಿಗೆ ಬೇಕಾದ ಬಿದಿರನ್ನು ಒದಗಿಸುವವರು ಯಾರೆಂದು ಇವತ್ತೇ ತೀರ್ಮಾನವಾದರೆ ಒಳ್ಳೆಯದು.

ನಾಳೆ ಬೆಳಗ್ಗೆ ಆರೂವರೆಗೆ ಹೊಳೆದಂಡೆಯಲ್ಲಿ ನಾಲ್ಕು ಹರಿಗೋಲುಗಳು ಸಿದ್ಧವಿರುತ್ತವೆ. ಒಂದಕ್ಕೆ ಆರು ಜನ, ಅದಕ್ಕಿಂತ ಹೆಚ್ಚಿಲ್ಲ. ಬರುವವರು ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಿ ಹೋಗಿ, ಮಕ್ಕಳನ್ನು ಕರೆತರುವವರು ವಯಸ್ಸನ್ನೂ ಬರೆಸಿ, ಜಾಕೆಟ್ ಆ ಅಳತೆಯದು ಬೇಕಾಗುತ್ತದೆ.